ಕ್ವೆರಿ ಫಲಿತಾಂಶದಿಂದ ಕಾಲಂ ಹೆಸರು ಪಡೆಯೋದು ಹೇಗೆ? ಸಾಲು ಇಲ್ಲದಿದ್ರೆ ತಲೆಬರಹವೂ ಮಾಯ ಆಗ್ತಿದೆ

ತೋಟದಮನೆ · ಸೋಮವಾರ ಬೆಳಗ್ಗೆ 9:40

ಎಲ್ಲರಿಗೂ ನಮಸ್ಕಾರ. ಒಂದು ಸಹಕಾರ ಸಂಘಕ್ಕೆ ಸದಸ್ಯರ ಲೆಕ್ಕ ನೋಡೋ ವೆಬ್ ಪುಟ ಮಾಡಿಕೊಟ್ಟಿದ್ದೀನಿ. ಬರೆದದ್ದು ಪಿಎಚ್‌ಪಿ 8ರಲ್ಲಿ, ಡೇಟಾಬೇಸು ಮೈಎಸ್‌ಕ್ಯೂಎಲ್, ಎರಡನ್ನೂ ಜೋಡಿಸೋದು ಪಿಡಿಒ. ರಿಪೋರ್ಟುಗಳೇ ಇಪ್ಪತ್ತರ ಮೇಲಿವೆ. ಒಂದೊಂದಕ್ಕೂ ಬೇರೆ ಪುಟ ಬರೆಯೋದು ಬೇಡ ಅಂತ ಒಂದೇ ಫಂಕ್ಷನ್ ಮಾಡಿದೆ. ಯಾವ ಕ್ವೆರಿ (ಡೇಟಾಬೇಸಿಗೆ ಕೇಳೋ ಪ್ರಶ್ನೆ) ಕೊಟ್ಟರೂ ಮೇಲೆ ಕಾಲಂ ಹೆಸರು, ಕೆಳಗೆ ಸಾಲುಗಳು, ಹೀಗೆ ಟೇಬಲ್ ಬಿಡಿಸಬೇಕು. ಹೆಸರಿಗೋಸ್ಕರ ಮೊದಲ ಸಾಲನ್ನ ಅಸೋಸಿಯೇಟಿವ್ ಅರೇ (ಕಾಲಂ ಹೆಸರೇ ಕೀಲಿ ಆಗಿರೋ ಪಟ್ಟಿ) ಆಗಿ ತಗೊಂಡು, ಕೀಲಿಗಳನ್ನ ಕೊಡೋ 'ಅರೇ ಕೀಸ್' ಅದರ ಮೇಲೆ ಓಡಿಸ್ತೀನಿ.

ಎರಡು ತೊಂದರೆ ಬಂದಿದೆ. 'ಬಾಕಿದಾರರು' ರಿಪೋರ್ಟಲ್ಲಿ ಯಾರೂ ಬಾಕಿ ಇಲ್ಲದ ತಿಂಗಳು ಬಿಳಿ ಪುಟ ಬರುತ್ತೆ. ಕಾರ್ಯದರ್ಶಿಗಳು ಫೋನ್ ಮಾಡಿ "ಸೈಟು ಕೆಟ್ಟೋಗಿದೆ" ಅಂತಾರೆ. ಎರಡನೇದು, ಸದಸ್ಯರ ಟೇಬಲ್ಲಿಗೆ ಊರಿನ ಟೇಬಲ್ ಜಾಯಿನ್ ಮಾಡಿದಾಗ (ಜೋಡಿಸಿದಾಗ) ಹೆಸರಿನ ಕಾಲಮ್ಮಲ್ಲಿ ಸದಸ್ಯರ ಹೆಸರೇ ಇಲ್ಲ. ಪುಟದ ತುಂಬಾ ಹೊಸಹಳ್ಳಿ, ಹೊಸಹಳ್ಳಿ, ಹೊಸಹಳ್ಳಿ. ಅದೇ ಕ್ವೆರಿ ಡೇಟಾಬೇಸ್ ನೋಡೋ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಹಾಕಿದ್ರೆ ಎರಡೂ ಸರಿಯಾಗಿ ಕಾಣುತ್ತೆ. ಏನು ತಪ್ಪು ಮಾಡ್ತಿದ್ದೀನಿ?

ಬಯಲುಸೀಮೆ · 9:52

ಶೋ ಕಾಲಮ್ಸ್ ಹಾಕಿ, ಮುಗೀತು. ಇಲ್ಲಾಂದ್ರೆ ಇನ್ಫರ್ಮೇಶನ್ ಸ್ಕೀಮಾದಿಂದ ತಗೊಳ್ಳಿ.

ಕೆರೆಏರಿ · 9:58

ಬಯಲುಸೀಮೆಯವರೇ, ಅದರಲ್ಲಿ ಸಿಗೋದು ಟೇಬಲ್ಲಿನ ಕಾಲಂ. ಇವರು ಕೇಳ್ತಿರೋದು ಕ್ವೆರಿಯ ಕಾಲಂ. ಜಾಯಿನ್ ಇದೆ, ಒಟ್ಟು ಮೊತ್ತ ಇದೆ, ಷರತ್ತಿನ ಕೇಸ್ ವೆನ್ ಇದೆ. ಅವೆಲ್ಲ ಯಾವ ಟೇಬಲ್ಲಿನ ಸ್ಕೀಮಾದಲ್ಲಿ ಸಿಗುತ್ತೆ ಹೇಳಿ?

ಬಯಲುಸೀಮೆ · 10:01

ಹೌದು, ರಿಪೋರ್ಟ್ ಅಂದಿದ್ದು ಕಣ್ಣಿಗೆ ಬೀಳಲಿಲ್ಲ. ಒಂದೇ ಟೇಬಲ್ ಆಗಿದ್ರೆ ನಡೆಯುತ್ತೆ.

ಕೆರೆಏರಿ · 10:20

ತೋಟದಮನೆಯವರೇ, ನಿಮ್ಮ ಎರಡು ತೊಂದರೆಗೂ ಬೇರು ಒಂದೇ. ಹೆಸರನ್ನ ನೀವು ಡೇಟಾದ ಒಳಗಿಂದ ತೆಗೀತಿದ್ದೀರಿ. ಡೇಟಾಬೇಸು ಫಲಿತಾಂಶ ಕಳಿಸುವಾಗ ಕಾಲಮ್ಮುಗಳ ವಿವರವನ್ನ ಸಾಲುಗಳಿಗಿಂತ ಮುಂಚೆ, ಬೇರೆಯಾಗೇ ಕಳಿಸುತ್ತೆ. ಒಂದೂ ಸಾಲಿಲ್ಲದಿದ್ರೂ ಆ ವಿವರ ಬರುತ್ತೆ. ಅದನ್ನ ಬಿಟ್ಟು ಮೊದಲ ಸಾಲಿನ ಕೀಲಿ ನೋಡೋಕೆ ಹೋದ್ರೆ, ಸಾಲಿಲ್ಲದಾಗ ಸಾಲು ತರೋ 'ಫೆಚ್' ಫಾಲ್ಸ್ ಕೊಡುತ್ತೆ, ಅದೇ 'ಅರೇ ಕೀಸ್'ಗೆ ಹೋಗುತ್ತೆ. ಪಿಎಚ್‌ಪಿ 7ರಲ್ಲಿ ಅದಕ್ಕೊಂದು ವಾರ್ನಿಂಗ್ ಬಂದು ಪುಟ ಮುಂದೆ ಹೋಗ್ತಿತ್ತು. 8ರಲ್ಲಿ ಟೈಪ್ ಎರರ್ ಎಸೆದು ಅಲ್ಲೇ ನಿಲ್ಲುತ್ತೆ. ನಿಮ್ಮ ಬಿಳಿ ಪುಟ ಅದೇ.

ಪಿಡಿಒದಲ್ಲಿ ಕ್ವೆರಿ ಎಕ್ಸಿಕ್ಯೂಟ್ ಆದ (ಓಡಿದ) ಮೇಲೆ 'ಕಾಲಂ ಕೌಂಟ್' ಕರೆಯಿರಿ, ಎಷ್ಟು ಕಾಲಂ ಅಂತ ಹೇಳುತ್ತೆ. ಸೊನ್ನೆಯಿಂದ ಶುರುಮಾಡಿ ಒಂದೊಂದಕ್ಕೂ 'ಗೆಟ್ ಕಾಲಂ ಮೆಟಾ' ಕರೆಯಿರಿ. ಬರೋ ಅರೇಯಲ್ಲಿ 'ನೇಮ್' ಅನ್ನೋ ಕೀಲಿಯೇ ನಿಮಗೆ ಬೇಕಾದ್ದು. ಮೈಎಸ್‌ಕ್ಯೂಎಲ್ ಆದ್ರೆ ಯಾವ ಟೇಬಲ್ಲಿಂದ ಬಂತು ಅನ್ನೋದೂ 'ಟೇಬಲ್' ಕೀಲಿಯಲ್ಲಿ ಇರುತ್ತೆ. ಎಲ್ಲಾ ಡ್ರೈವರುಗಳೂ (ಆಯಾ ಡೇಟಾಬೇಸಿಗೆ ಜೋಡಿಸೋ ತಂತ್ರಾಂಶ) ಇದನ್ನ ಕೊಡಲ್ಲ ಅಂತ ಮ್ಯಾನ್ಯುಯಲ್‌ನಲ್ಲೇ ಇದೆ, ಆದ್ರೆ ನಿಮ್ಮದು ಮೈಎಸ್‌ಕ್ಯೂಎಲ್, ಚಿಂತೆ ಇಲ್ಲ.

ಇನ್ನು ಹೊಸಹಳ್ಳಿ ವಿಷಯ. ಎರಡು ಟೇಬಲ್ಲಲ್ಲೂ 'ನೇಮ್' ಅನ್ನೋ ಕಾಲಂ ಇದೆ, ಅಲ್ವಾ? ಒಂದು ಅರೇಯಲ್ಲಿ ಒಂದು ಕೀಲಿಗೆ ಒಂದೇ ಜಾಗ. ಕೊನೇಲಿ ಬಂದದ್ದು ಉಳಿಯುತ್ತೆ, ಮೊದಲಿಂದು ಹೋಗುತ್ತೆ. ಸಾಲುಗಳನ್ನ 'ಫೆಚ್ ನಂ' ಹಾಕಿ ಸಂಖ್ಯೆಯ ಅರೇ ಆಗಿ ತಗೊಳ್ಳಿ, ತಲೆಬರಹ ಮೆಟಾದಿಂದ ತಗೊಳ್ಳಿ. ಎರಡೂ ಕಾಣುತ್ತೆ. ಪಿಎಚ್‌ಪಿಮೈಅಡ್ಮಿನ್ ಎರಡನ್ನೂ ತೋರಿಸೋದು ಕಾಲಂ ವಿವರ ನೋಡಿಕೊಂಡೇ.

ಹಳೇಚಾವಡಿ · 10:31

ಇದನ್ನೆಲ್ಲ ನೋಡಿ 'ಮೈಎಸ್‌ಕ್ಯೂಎಲ್ ಫೀಲ್ಡ್ ನೇಮ್' ಕಾಲ ನೆನಪಾಯ್ತು. 'ನಂ ಫೀಲ್ಡ್ಸ್' ಎಣಿಸು, ಫಾರ್ ಲೂಪ್ ಹಾಕು, ಹೆಸರು ತೆಗಿ. ನಾನು ಕಲಿತದ್ದೇ ಹಾಗೆ. ಆ ಹಳೇ ಎಕ್ಸ್‌ಟೆನ್ಷನ್ 2013ರ ಪಿಎಚ್‌ಪಿ 5.5ರಲ್ಲಿ ಡೆಪ್ರಿಕೇಟ್ ಆಗಿ (ಇನ್ನು ಬಳಸಬೇಡಿ ಅಂತಾಗಿ) 2015ರ ಕೊನೆಗೆ ಬಂದ 7.0ರಲ್ಲಿ ಪೂರ್ತಿ ಹೋಯ್ತು. ಅದು ಹೋದಮೇಲೆ ಬಹಳ ಜನ 'ಅರೇ ಕೀಸ್'ಗೆ ಬಂದ್ರು. ಹಳೇ ದಾರಿಯೇ ಸರಿ ಇತ್ತು, ಅದರ ಹೊಸ ರೂಪ ಹುಡುಕಿಕೊಳ್ಳಲಿಲ್ಲ ಅಷ್ಟೇ.

ಇನ್ನೂ ಹಿಂದೆ ಹೋದ್ರೆ ಮೈಕ್ರೋಸಾಫ್ಟಿನ ಎಎಸ್‌ಪಿಯಲ್ಲಿ ರೆಕಾರ್ಡ್‌ಸೆಟ್ಟಿನ 'ಫೀಲ್ಡ್ಸ್'ನಲ್ಲಿ ಪ್ರತಿಯೊಂದಕ್ಕೂ 'ನೇಮ್' ಇತ್ತು. ಪರ್ಲ್ ಡಿಬಿಐನಲ್ಲಿ ಸ್ಟೇಟ್‌ಮೆಂಟ್ ಹ್ಯಾಂಡಲ್ಲಿಗೇ 'ನೇಮ್' ಇದೆ. ಎಲ್ಲೂ ಸಾಲು ನೋಡಿ ಹೆಸರು ಊಹಿಸೋ ಪದ್ಧತಿ ಇರಲಿಲ್ಲ.

ಗಂಧದಗುಡ್ಡ · 10:44

ಪಿಡಿಒ ಬೇಡ ಅನ್ನೋರಿಗೆ ಪಿಎಚ್‌ಪಿಯ ಮೈಎಸ್‌ಕ್ಯೂಎಲ್‌ಐ ಎಕ್ಸ್‌ಟೆನ್ಷನ್ನಿನಲ್ಲಿ 'ಫೆಚ್ ಫೀಲ್ಡ್ಸ್' ಇದೆ. ಒಂದೇ ಸಲ ಎಲ್ಲಾ ಕಾಲಮ್ಮಿನ ಆಬ್ಜೆಕ್ಟು ಬರುತ್ತೆ. ಅದರಲ್ಲಿ 'ನೇಮ್' ಅಂದ್ರೆ ನೀವು ಕ್ವೆರಿಯಲ್ಲಿ ಆ್ಯಸ್ (AS) ಹಾಕಿ ಕೊಟ್ಟ ಹೆಸರು, 'ಆರ್ಗ್‌ನೇಮ್' ಅಂದ್ರೆ ಟೇಬಲ್ಲಿನ ಮೂಲ ಹೆಸರು. ಎರಡೂ ಒಟ್ಟಿಗೆ ಸಿಗೋದು ಬಹಳ ಅನುಕೂಲ.

ಸಣ್ಣೀರಪ್ಪನ ಮೊಮ್ಮಗ · 11:05

ತೋಟದಮನೆ ಅಣ್ಣಾ, ಹೆಸರಿನ ಕಥೆ ಇರಲಿ, ಮೊದಲು ಐಡಿ ನೋಡಿ! ನೀವು ಸ್ಟಾರ್ (ಎಲ್ಲಾ ಕಾಲಂ ಕೊಡು ಅನ್ನೋ * ಚಿಹ್ನೆ) ಹಾಕಿ ಎರಡೂ ಟೇಬಲ್ ತೆಗೆದಿದ್ದೀರಿ ಅಂದ್ರೆ ಎರಡರಲ್ಲೂ ಐಡಿ ಅನ್ನೋ ಕಾಲಂ ಇರುತ್ತೆ. ಆ ಪುಟದಲ್ಲಿ ತಿದ್ದುಪಡಿ ಬಟನ್ ಇದ್ರೆ ಅದಕ್ಕೆ ಹೋಗ್ತಿರೋದು ಯಾರ ಐಡಿ?

ತೋಟದಮನೆ · 11:48

ಈಗ ನೋಡಿದೆ. ಊರಿನ ಐಡಿ ಹೋಗ್ತಿದೆ. ಹೊಸಹಳ್ಳಿ ಊರುಗಳ ಟೇಬಲ್ಲಲ್ಲಿ 7ನೇದು. ಹೊಸಹಳ್ಳಿಯ ಯಾವ ಸದಸ್ಯರ ಮುಂದೆ 'ತಿದ್ದು' ಒತ್ತಿದ್ರೂ 7ನೇ ಸದಸ್ಯರ ಪುಟ ತೆಗೆಯುತ್ತೆ. ಅಲ್ಲಿನ ಗುಮಾಸ್ತರು ಮೂರು ಜನರ ಫೋನ್ ನಂಬರು ಬದಲಾಯಿಸಿದ್ರಂತೆ, ಮೂರೂ ಹೋಗಿ ಆ ಒಬ್ಬರ ಮೇಲೆ ಬಿದ್ದಿವೆ. ಪುಟವನ್ನ ಸದ್ಯಕ್ಕೆ ನಿಲ್ಲಿಸಿದ್ದೀನಿ. ಮಧ್ಯಾಹ್ನ ಅಲ್ಲಿಗೇ ಹೋಗಿ ಪುಸ್ತಕ ನೋಡಿ ಸರಿಮಾಡ್ತೀನಿ. ನೀವು ಹೇಳದಿದ್ರೆ ಇನ್ನೆಷ್ಟು ದಿನ ನಡೀತಿತ್ತೋ.

ಸಣ್ಣೀರಪ್ಪನ ಮೊಮ್ಮಗ · 11:55

ಅಪ್‌ಡೇಟ್ ಲಾಗ್ ಇದ್ರೆ ಮೊದಲು ಅದನ್ನ ತೆಗೆದಿಟ್ಟುಕೊಳ್ಳಿ ಅಣ್ಣಾ. ಬೇರೆ ಊರಿನವರದ್ದೂ ಹೀಗೇ ಆಗಿರುತ್ತೆ.

ಕೆರೆಏರಿ · 12:10

ಇದಕ್ಕೇ ನಾನು ಹೇಳೋದು, ಜಾಯಿನ್ ಇದ್ದ ಕಡೆ ಸ್ಟಾರ್ ಬೇಡವೇ ಬೇಡ. ಬೇಕಾದ ಕಾಲಂ ಒಂದೊಂದನ್ನೂ ಬರೆದು ಆ್ಯಸ್ ಹಾಕಿ. ಸದಸ್ಯರ ಐಡಿ, ಊರಿನ ಐಡಿ ಅಂತ ಬೇರೆ ಬೇರೆ ಹೆಸರು ಕೊಡಿ.

ಗಂಧದಗುಡ್ಡ · 12:18

ಎಲ್ಲಾ ಕಡೆ ಬೇಡ ಅನ್ನೋದು ಜಾಸ್ತಿ ಆಯ್ತು. ಒಳಗಿನ ಬಳಕೆಗೆ ಒಂದು ಅಡ್ಮಿನ್ ಪುಟ ಬರೆಯುವಾಗ ಸ್ಟಾರ್ ಹಾಕಿ 'ಫೆಚ್ ನೇಮ್ಡ್' ಬಳಸಿದ್ರೆ ಒಂದೇ ಹೆಸರಿನವು ಅರೇ ಆಗಿ ಎರಡೂ ಸಿಗುತ್ತವೆ. ಏನೂ ಕಳೆಯಲ್ಲ.

ಕೆರೆಏರಿ · 12:24

ಕಳೆಯಲ್ಲ, ಒಪ್ಪಿದೆ. ಆದ್ರೆ ಒಂದು ಕಡೆ ಸ್ಟ್ರಿಂಗು, ಇನ್ನೊಂದು ಕಡೆ ಅರೇ ಬರುತ್ತಲ್ಲ, ಅದನ್ನ ಪ್ರತಿ ಸಾಲಲ್ಲೂ ಪರೀಕ್ಷೆ ಮಾಡ್ತಾ ಕೂರಬೇಕು. ಎರಡು ಪದ ಆ್ಯಸ್ ಬರೆಯೋದಕ್ಕಿಂತ ಅದೇನು ಸುಲಭ?

ತುಂಗಾತೀರ · 12:40

ಜಾವಾದವರಿಗೂ ಒಂದು ಮಾತು. ಜಾವಾದಿಂದ ಡೇಟಾಬೇಸಿಗೆ ಹೋಗೋ ಜೆಡಿಬಿಸಿಯ ರಿಸಲ್ಟ್‌ಸೆಟ್ ಮೆಟಾಡೇಟಾದಲ್ಲಿ 'ಗೆಟ್ ಕಾಲಂ ನೇಮ್', 'ಗೆಟ್ ಕಾಲಂ ಲೇಬಲ್' ಅಂತ ಎರಡಿವೆ. ಆ್ಯಸ್ ಹಾಕಿದ ಹೆಸರು ಬೇಕು ಅಂದ್ರೆ ಲೇಬಲ್ಲೇ ಕರೆಯಬೇಕು. ನಾನು ಹಿಂದೆ ಒಂದು ಕೆಲಸದಲ್ಲಿ 'ನೇಮ್' ಬಳಸಿದ್ದೆ, ವರ್ಷಾನುಗಟ್ಟಲೆ ಸರಿಯಾಗೇ ಇತ್ತು. ಮೈಎಸ್‌ಕ್ಯೂಎಲ್ ಡ್ರೈವರನ್ನ 5.1ಕ್ಕೆ ಏರಿಸಿದ ದಿನ ಎಲ್ಲಾ ತಲೆಬರಹವೂ ಟೇಬಲ್ಲಿನ ಮೂಲ ಹೆಸರಿಗೆ ತಿರುಗಿಬಿಟ್ಟವು. ಡ್ರೈವರು ಸರಿಯಾಗಿತ್ತು, ಸ್ಪೆಸಿಫಿಕೇಶನ್ ಹೇಳೋದೂ ಅದನ್ನೇ. ಹಳೇ ನಡವಳಿಕೆ ಬೇಕು ಅನ್ನೋರಿಗೆ ಕನೆಕ್ಷನ್ನಿನಲ್ಲಿ ಒಂದು ಆಯ್ಕೆ ಕೊಟ್ಟಿದ್ರು. ನಾವು ಅದನ್ನ ಮುಟ್ಟದೆ ಕೋಡನ್ನೇ ತಿದ್ದಿದೆವು.

ಇನ್ನೊಂದು, ಜೆಡಿಬಿಸಿಯಲ್ಲಿ ಎಣಿಕೆ 1ರಿಂದ ಶುರು. ಪಿಡಿಒ ಥರ ಸೊನ್ನೆಯಿಂದ ಅಲ್ಲ.

ಹಾವಿನಹಾಳ · 13:02

ಪೈಥಾನಿನಲ್ಲಿ ಕ್ವೆರಿ ಓಡಿಸೋ ಕರ್ಸರ್‌ಗೆ 'ಡಿಸ್ಕ್ರಿಪ್ಷನ್' ಅಂತ ಇದೆ. ಅಲ್ಲಿನ ಡೇಟಾಬೇಸ್ ನಿಯಮಾವಳಿ ಪೆಪ್ 249ರ ಪ್ರಕಾರ ಕಾಲಂಗೆ ಏಳು ವಿವರ, ಮೊದಲನೆಯದೇ ಹೆಸರು. ಎಸ್‌ಕ್ಯೂಲೈಟ್ ಮಾಡ್ಯೂಲಿನಲ್ಲಿ ಹೆಸರೊಂದು ಬಿಟ್ಟು ಉಳಿದ ಆರೂ 'ನನ್' (None, ಅಂದ್ರೆ ಖಾಲಿ). ಸಾಲು ಹಿಂತಿರುಗಿಸದ ಇನ್ಸರ್ಟ್, ಅಪ್‌ಡೇಟ್ ಆದ ಮೇಲೆ ಡಿಸ್ಕ್ರಿಪ್ಷನ್ನೇ ನನ್ ಆಗಿರುತ್ತೆ, ಅದನ್ನ ನೋಡಿಕೊಂಡು ಲೂಪ್ ಹಾಕಿ. ಪೈಥಾನಿನ ವೆಬ್ ಚೌಕಟ್ಟು ಜಾಂಗೋದ ದಾಖಲೆಯಲ್ಲಿ ಸಾಲುಗಳನ್ನ ಡಿಕ್ಷನರಿ (ಹೆಸರೇ ಕೀಲಿ ಆಗಿರೋ ಪಟ್ಟಿ) ಮಾಡೋ ಒಂದು ಚಿಕ್ಕ ಫಂಕ್ಷನ್ ಕೊಟ್ಟಿದ್ದಾರೆ, ಎಲ್ಲರೂ ಅದನ್ನೇ ನಕಲು ಮಾಡ್ತಾರೆ. 'ಕಾಲಂ ಹೆಸರುಗಳು ಒಂದಕ್ಕೊಂದು ಬೇರೆ ಇವೆ ಎಂದುಕೊಂಡು' ಅಂತ ಅದರ ಒಳಗೇ ಬರೆದಿದೆ. ಆ ಸಾಲನ್ನ ಮಾತ್ರ ಯಾರೂ ಓದಲ್ಲ.

ಕುಂದಾಪ್ರದಾಂವ · 13:15

ಜಾವಾಸ್ಕ್ರಿಪ್ಟಿನ ನೋಡ್‌ನಲ್ಲೂ ಅದೇ ಮಾರಾಯ್ರೆ. ಪೋಸ್ಟ್‌ಗ್ರೆಸ್ (ಇನ್ನೊಂದು ಡೇಟಾಬೇಸ್) ಲೈಬ್ರರಿಯಲ್ಲಿ ಫಲಿತಾಂಶದ ಒಟ್ಟಿಗೆ 'ಫೀಲ್ಡ್ಸ್' ಬರ್ತದೆ, ಸಾಲು ಇಲ್ಲದಿದ್ರೂ ಬರ್ತದೆ. ಆದ್ರೆ ಸಾಲುಗಳು ಆಬ್ಜೆಕ್ಟ್ ಆಗಿಯೇ ಬರುವುದು, ಹಾಗಾಗಿ ಒಂದೇ ಹೆಸರಿನದ್ದು ಇಲ್ಲೂ ಹೋಗ್ತದೆ. 'ರೋ ಮೋಡ್' ಅರೇ ಅಂತ ಕೊಟ್ರೆ ಸರಿ.

ನಾನು ಸಿಕ್ಕಿಬಿದ್ದದ್ದು ಬೇರೆ ಕಡೆ. ವರ್ಷವಾರು ರಿಪೋರ್ಟು, ಕಾಲಂ ಹೆಸರು 'ಊರು', ಆಮೇಲೆ '2021', '2022', '2023'. ಸರ್ವರ್ ಕಳಿಸಿದ ಜೇಸನ್ (ಡೇಟಾ ಕಳಿಸುವ ಪಠ್ಯರೂಪ) ತೆರೆದು ನೋಡಿದ್ರೆ ಊರು ಮೊದಲು ಉಂಟು. ಬ್ರೌಸರಿನಲ್ಲಿ ಮಾತ್ರ ಊರು ಕೊನೆಗೆ ಹೋಗಿ ಕೂತಿದೆ! ಒಂದು ದಿನ ಪೂರ್ತಿ ಹುಡುಕಿದೆ. ಜಾವಾಸ್ಕ್ರಿಪ್ಟ್ ಆಬ್ಜೆಕ್ಟಿನಲ್ಲಿ ಪೂರ್ಣಾಂಕದ ಹಾಗೆ ಕಾಣುವ ಕೀಲಿಗಳು ಮೊದಲು ಬರ್ತವೆ, ಅದೂ ಏರಿಕೆ ಕ್ರಮದಲ್ಲಿ. ಉಳಿದದ್ದೆಲ್ಲ ಆಮೇಲೆ. ಈಗ ನಾನು ಕಾಲಂ ಪಟ್ಟಿಯನ್ನು ಒಂದು ಅರೇ, ಸಾಲುಗಳನ್ನು ಇನ್ನೊಂದು ಅರೇ ಮಾಡಿಯೇ ಕಳಿಸುವುದು.

ಗಂಧದಗುಡ್ಡ · 13:22

ಪಿಎಚ್‌ಪಿಯಲ್ಲೂ '2023' ಅನ್ನೋ ಕೀಲಿ ತಾನಾಗೇ ಪೂರ್ಣಾಂಕ ಆಗುತ್ತೆ. ಅಂಥ ಎರಡು ಅರೇಗೆ 'ಅರೇ ಮರ್ಜ್' ಮಾಡಿದ್ರೆ ವರ್ಷ ಹೋಗಿ 0, 1, 2 ಅಂತ ಹೊಸ ನಂಬರು ಬೀಳುತ್ತೆ. ಆ್ಯಸ್ ಹಾಕುವಾಗ 'ವರ್ಷ 2023' ಅಂತ ಬರೆದ್ರೆ ಎರಡು ಕಡೆಯೂ ಬಚಾವು.

ಧಾರವಾಡ ಪೇಡೆ · 14:05

ಎಲ್ಲಾ ಚಲೋ ಹೇಳೀರಿ. ಆದ್ರ ತಲಿಬರಹ ಇಂಗ್ಲಿಷಿನ್ಯಾಗ ಯಾಕ್ರೀ? ಸಂಘದ ಮಂದಿ ಕನ್ನಡದಾಗ ಓದೋರು. ಕ್ವೆರಿಯೊಳಗ ಆ್ಯಸ್ ಅಂತ ಕನ್ನಡದಾಗ ಬರದ್ರ ಆತು. 'ಸದಸ್ಯರ ಹೆಸರು', 'ಊರು', 'ಷೇರು ಮೊತ್ತ'. ಮೆಟಾದಾಗ ಹಂಗ ಬರತೈತಿ, ನೇರ ಪುಟಕ್ಕ. ನಾ ಐದು ವರ್ಷದಿಂದ ಹಿಂಗ ಮಾಡಾಕತ್ತೀನಿ. ಎರಡು ಹೆಸರು ಒಂದಾಗೂ ಪ್ರಶ್ನೀನೂ ಇಲ್ಲ.

ತುಂಗಾತೀರ · 14:12

ಕನ್ನಡ ತಲೆಬರಹ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕ್ವೆರಿಯಲ್ಲಿ ಇರಬಾರದು. ನಾಳೆ 'ಷೇರು ಮೊತ್ತ' ಬದಲು 'ಷೇರು ಬಂಡವಾಳ' ಮಾಡಿ ಅಂದ್ರೆ ಎಸ್‌ಕ್ಯೂಎಲ್ ತಿದ್ದಬೇಕಾ? ಕ್ವೆರಿಯಲ್ಲಿ ಸರಳ ಹೆಸರು ಇರಲಿ, ಅದಕ್ಕೆ ಕನ್ನಡ ಯಾವುದು ಅನ್ನೋ ಪಟ್ಟಿ ಬೇರೆ ಫೈಲಲ್ಲಿ ಇರಲಿ.

ಧಾರವಾಡ ಪೇಡೆ · 14:20

ಇಪ್ಪತ್ತು ರಿಪೋರ್ಟಿಗೆ ಇಪ್ಪತ್ತು ಪಟ್ಟಿ ಯಾರು ಸಂಭಾಳಿಸ್ತಾರ್ರೀ? ಕ್ವೆರಿ ಒಂದ ಕಡೆ ಇದ್ರ ಅದನ್ನ ಓದಿದವರಿಗೆ ಏನು ಬರತೈತಿ ಅಂತ ಗೊತ್ತಾಗತೈತಿ.

ಮುಂಗಾರು · 14:46

ಪೇಡೆಯವರೇ, ಮೈಎಸ್‌ಕ್ಯೂಎಲ್‌ನಲ್ಲಿ ನಿಮ್ಮ ದಾರಿ ನಡೆಯುತ್ತೆ. ಅಲ್ಲಿ ಆ್ಯಸ್ ಹೆಸರು 256 ಅಕ್ಷರದವರೆಗೆ ಇರಬಹುದು. ಪೋಸ್ಟ್‌ಗ್ರೆಸ್‌ಗೆ ಬಂದ್ರೆ ಕತ್ತರಿ ಬೀಳುತ್ತೆ. ಅಲ್ಲಿ ಮಿತಿ 63 ಬೈಟು, ಅಕ್ಷರ ಅಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ಗುಣಿತದ ಚಿಹ್ನೆಗೂ 3, ಅನುಸ್ವಾರದ ಸೊನ್ನೆಗೂ 3, ಒತ್ತಕ್ಷರ ಆದ್ರೆ ವಿರಾಮಕ್ಕೆ (ಅರ್ಧಾಕ್ಷರದ ಚಿಹ್ನೆಗೆ) ಇನ್ನೊಂದು 3. ಅಂದ್ರೆ ಬರೀ 21 ಸಂಕೇತ.

ನನಗೆ ಆದದ್ದು ಹೇಳ್ತೀನಿ. 'ಫಲಾನುಭವಿಯ ತಂದೆ ಅಥವಾ ಗಂಡನ ಹೆಸರು' ಅಂತ ಕೊಟ್ಟಿದ್ದೆ. ಖಾಲಿ ಜಾಗ ಸೇರಿ 82 ಬೈಟು. ಪುಟದಲ್ಲಿ ಬಂದದ್ದು 'ಫಲಾನುಭವಿಯ ತಂದೆ ಅಥವಾ ಗಂಡ'. ಸರಿಯಾಗಿ 63ಕ್ಕೆ ಕತ್ತರಿಸಿದೆ. ತುಂಡಾದದ್ದು ಅರ್ಥ ಇರೋ ಮಾತೇ ಆಗಿದ್ರಿಂದ ವಾರಗಟ್ಟಲೆ ಯಾರಿಗೂ ಅನುಮಾನ ಬರಲಿಲ್ಲ. ಆಮೇಲೆ ಪಕ್ಕದಲ್ಲಿ '...ಗಂಡನ ವಯಸ್ಸು' ಅಂತ ಇನ್ನೊಂದು ಕಾಲಂ ಸೇರಿಸಿದೆ. ಅದೂ ಅಲ್ಲಿಗೇ ತುಂಡಾಗಿ ಎರಡೂ ಒಂದೇ ಹೆಸರು ಆಯ್ತು. ಸಾಲುಗಳನ್ನ ಅಸೋಸಿಯೇಟಿವ್ ಆಗಿ ತಗೊಳ್ತಿದ್ದೆ, ಹೆಸರಿನ ಕಾಲಂ ಹೋಗಿ ಅಲ್ಲಿ 54, 61 ಅಂತ ವಯಸ್ಸು ಕೂತಿತ್ತು. ಡೇಟಾಬೇಸು ಇದಕ್ಕೆ ಎರರ್ ಕೊಡಲ್ಲ, ಒಂದು ನೋಟಿಸ್ ಕೊಟ್ಟು ಸುಮ್ಮನಾಗುತ್ತೆ. ಆ ನೋಟಿಸನ್ನ ವೆಬ್ ಪುಟದಲ್ಲಿ ಯಾರು ನೋಡ್ತಾರೆ?

ಧಾರವಾಡ ಪೇಡೆ · 14:58

ಇದು ನಂಗ ಗೊತ್ತಿರಲಿಲ್ರೀ. ಮುಂದಿನ ತಿಂಗಳು ಒಂದು ಕೆಲಸ ಪೋಸ್ಟ್‌ಗ್ರೆಸ್ಸಿಗೆ ಒಯ್ಯೋದೈತಿ. ಇವತ್ತ ನಮ್ಮ ಕ್ವೆರಿಗಳನ್ನ ಅಳದು ನೋಡ್ತೀನಿ.

ಅಕ್ಷರಮಾಲೆ · 15:20

ಕನ್ನಡ ಹೆಸರನ್ನ ಕೀಲಿಯಾಗಿ ಬಳಸೋದರಲ್ಲಿ ಇನ್ನೊಂದು ಅಪಾಯ ಇದೆ. ಕಣ್ಣಿಗೆ ಒಂದೇ ಥರ ಕಾಣೋ ಎರಡು ಪದ ಒಳಗೆ ಬೇರೆ ಬೇರೆ ಇರಬಹುದು. 'ಫೋನ್' ಅನ್ನೋದರ ಓಕಾರವನ್ನ ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ, ಊಕಾರ, ದೀರ್ಘ ಅಂತ ಮೂರು ತುಂಡಾಗಿಯೂ ಬರೆಯಬಹುದು. ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸಿದ ಪಠ್ಯದಲ್ಲಿ ತುಂಡು ರೂಪ ನಾನು ಎಷ್ಟೋ ಸಲ ನೋಡಿದ್ದೀನಿ. ಕ್ವೆರಿಯಲ್ಲಿ ಒಂದು ರೂಪ, ಕೋಡಲ್ಲಿ ಇನ್ನೊಂದು ರೂಪ ಇದ್ರೆ 'ಅಂಥ ಕೀಲಿ ಇಲ್ಲ' ಅಂತ ಬರುತ್ತೆ. ನೀವು ಪರದೆ ದಿಟ್ಟಿಸಿಕೊಂಡು ಕೂತಿರ್ತೀರಿ, ಎರಡೂ ಒಂದೇ ಕಾಣುತ್ತೆ.

ಇನ್ನು 'ಡೌನ್‌ಲೋಡ್' ಥರದ ಪದದ ನಡುವೆ ಒತ್ತು ಆಗದಿರಲಿ ಅಂತ ಹಾಕೋ ಕಣ್ಣಿಗೆ ಕಾಣದ ಅಕ್ಷರ. ಅದೂ ಹೆಸರಿನ ಭಾಗವೇ, ಅದಕ್ಕೂ 3 ಬೈಟು. ಓಕಾರದ ತೊಂದರೆಗೆ ಪಿಎಚ್‌ಪಿಯ ಇಂಟಲ್ (intl) ಎಕ್ಸ್‌ಟೆನ್ಷನ್ನಿನಲ್ಲಿ ಎಲ್ಲವನ್ನೂ ಒಂದೇ ರೂಪಕ್ಕೆ ತರೋ ನಾರ್ಮಲೈಸರ್ ಸಾಕು. ಈ ಕಾಣದ ಅಕ್ಷರವನ್ನ ನಾರ್ಮಲೈಸರ್ ತೆಗೆಯಲ್ಲ, ನೀವೇ ನೋಡಿಕೊಳ್ಳಬೇಕು. ತೋರಿಸೋದಕ್ಕೆ ಕನ್ನಡ, ಹುಡುಕೋದಕ್ಕೆ ಸರಳ ಹೆಸರು ಅಥವಾ ಸಂಖ್ಯೆ. ನಾನು ತುಂಗಾತೀರ ಮೇಡಂ ಪಕ್ಷ.

ಬಯಲುಸೀಮೆ · 15:31

ಅಕ್ಷರಮಾಲೆಯವರೇ, ಇದೇ ಕಾರಣಕ್ಕೆ ನಮ್ಮ ಹುಡುಕು ಪೆಟ್ಟಿಗೆಯಲ್ಲಿ ಕೆಲವು ಹೆಸರು ಸಿಗ್ತಿಲ್ಲವೇನೋ! ಅದಕ್ಕೆ ಬೇರೆ ಚರ್ಚೆ ಶುರುಮಾಡ್ತೀನಿ, ಅಲ್ಲಿ ಬನ್ನಿ.

ಕಾವಲುಗಾರ · 16:10

ಯಾರೂ ಹೇಳದ್ದು ಒಂದಿದೆ. ಹೆಸರು ಮೆಟಾದಿಂದ ಬಂತು ಅಂತ ಹಾಗೇ ಪುಟಕ್ಕೆ ಎಸೆಯಬೇಡಿ, ಅದನ್ನೂ ಎಸ್ಕೇಪ್ ಮಾಡಿ (ಚಿಹ್ನೆಗಳನ್ನ ಪುಟದ ಕೋಡ್ ಆಗದ ಹಾಗೆ ಬದಲಾಯಿಸಿ). ಆ್ಯಸ್ ಕೊಡದ ಲೆಕ್ಕಾಚಾರಕ್ಕೆ ಮೈಎಸ್‌ಕ್ಯೂಎಲ್ ಆ ಬರಹವನ್ನೇ ಹೆಸರು ಮಾಡುತ್ತೆ. 'ಬಾಕಿ < 500' ಅಂತ ಬರೆದಿದ್ರೆ ಆ ಚಿಹ್ನೆಯೂ ಹೆಸರಲ್ಲೇ ಬರುತ್ತೆ.

ತಲೆಬರಹ ಒತ್ತಿದ್ರೆ ಆ ಕಾಲಮ್ಮಿನ ಪ್ರಕಾರ ಜೋಡಿಸೋ ಸೌಕರ್ಯ ಕೊಡ್ತೀರಲ್ಲ, ಅಲ್ಲಿ ಇನ್ನೂ ಹುಷಾರು. ಸಾಲು ಜೋಡಿಸೋ ಆರ್ಡರ್ ಬೈ ಮುಂದೆ ಕಾಲಂ ಹೆಸರನ್ನ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬೈಂಡ್ ಮಾಡೋಕಾಗಲ್ಲ (ಆಮೇಲೆ ಬೇರೆಯಾಗಿ ತುಂಬೋಕಾಗಲ್ಲ). ಬೈಂಡ್ ಆಗೋದು ಮೌಲ್ಯಗಳು ಮಾತ್ರ. ಹಾಗಂತ ಯುಆರ್‌ಎಲ್‌ನಲ್ಲಿ ಬಂದದ್ದನ್ನ ನೇರ ಕ್ವೆರಿಗೆ ಅಂಟಿಸಿದ್ರೆ ಬಾಗಿಲು ತೆಗೆದಿಟ್ಟ ಹಾಗೆ. ಒಪ್ಪಿದ ಹೆಸರುಗಳ ಪಟ್ಟಿ ಇಟ್ಟು, ಬಂದ ಹೆಸರು ಅದರಲ್ಲಿದ್ರೆ ಮಾತ್ರ ಬಳಸಿ.

ಹಾವಿನಹಾಳ · 16:25

ಆ್ಯಸ್ ಕೊಡದ ಕಾಲಮ್ಮಿನ ಹೆಸರು ಒಂದೊಂದು ಕಡೆ ಒಂದೊಂದು ಥರ. ಪೋಸ್ಟ್‌ಗ್ರೆಸ್ ಎಣಿಕೆಗೆ ಬರೀ 'ಕೌಂಟ್' ಅನ್ನುತ್ತೆ, ಎಸ್‌ಕ್ಯೂಎಲ್ ಸರ್ವರ್ ಹೆಸರೇ ಕೊಡಲ್ಲ. ಎಸ್‌ಕ್ಯೂಲೈಟ್‌ನವರಂತೂ ಆ್ಯಸ್ ಇಲ್ಲದಿದ್ರೆ ಹೆಸರಿಗೆ ಖಾತ್ರಿ ಇಲ್ಲ, ಮುಂದಿನ ಆವೃತ್ತಿಯಲ್ಲಿ ಬದಲಾಗಬಹುದು ಅಂತ ಬರೆದೇ ಇಟ್ಟಿದ್ದಾರೆ. ಕೊಡದೆ ಬಿಟ್ರೆ ಹೆಸರು ನಿಮ್ಮದಲ್ಲ.

ಹಳೇಚಾವಡಿ · 17:02

ಸಿಎಸ್‌ವಿ ಡೌನ್‌ಲೋಡ್ ಕೊಟ್ಟಿದ್ದೀರಾ ತೋಟದಮನೆ? ಕನ್ನಡ ತಲೆಬರಹ ಎಕ್ಸೆಲ್‌ನಲ್ಲಿ ಕಲಸಿಹೋದ ಅಕ್ಷರ ಆಗಿ ಬರುತ್ತೆ. ಫೈಲಿನ ಶುರುವಿಗೆ, ಇದು ಯುಟಿಎಫ್-8 ಅಂತ ತಿಳಿಸೋ ಬಿಒಎಂ ಅನ್ನೋ ಮೂರು ಬೈಟು ಹಾಕಿ. ಮತ್ತೆ ಮೊದಲ ಕಾಲಮ್ಮಿನ ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಐಡಿ ಅಂತ ಇದ್ದು ಬಿಒಎಂ ಇಲ್ಲದಿದ್ರೆ, ಎಕ್ಸೆಲ್ ಅದನ್ನ ಎಸ್‌ವೈಎಲ್‌ಕೆ ಅನ್ನೋ ಬೇರೆ ನಮೂನೆಯ ಫೈಲು ಅಂದುಕೊಂಡು ಎಚ್ಚರಿಕೆ ತೋರಿಸುತ್ತೆ. ನನಗೆ ಒಬ್ಬರು "ನೀವು ಕಳಿಸಿದ ಫೈಲು ಹಾಳಾಗಿದೆ" ಅಂತ ಮೂರು ಸಲ ವಾಪಸ್ ಕಳಿಸಿದ್ರು. ಸಣ್ಣಕ್ಷರ ಮಾಡಿದೆ, ಸರಿಹೋಯ್ತು.

ತೋಟದಮನೆ · ಮಂಗಳವಾರ ರಾತ್ರಿ 10:15

ನಿನ್ನೆ ಮಧ್ಯಾಹ್ನ, ಇವತ್ತು ಇಡೀ ದಿನ ಸಂಘದಲ್ಲೇ ಇದ್ದೆ. ಮಾಡಿದ್ದು ಇಷ್ಟು. ಜಾಯಿನ್ ಇರೋ ಹನ್ನೊಂದು ಕ್ವೆರಿಯಲ್ಲೂ ಸ್ಟಾರ್ ತೆಗೆದು ಕಾಲಂ ಬರೆದು ಆ್ಯಸ್ ಹಾಕಿದೆ. ತಲೆಬರಹ ಮೆಟಾದಿಂದ, ಸಾಲುಗಳು 'ಫೆಚ್ ನಂ'ನಿಂದ. ಒಂದೇ ಹೆಸರು ಎರಡು ಸಲ ಬಂದ್ರೆ ಪುಟ ಬಿಡಿಸೋ ಮುಂಚೆಯೇ ಎರರ್ ಎಸೆಯೋ ಹಾಗೆ ಫಂಕ್ಷನ್ನಿನಲ್ಲೇ ಒಂದು ಪರೀಕ್ಷೆ ಇಟ್ಟೆ. ಕನ್ನಡ ಹೆಸರು ಸದ್ಯಕ್ಕೆ ಬೇರೆ ಫೈಲಲ್ಲಿ. ಪಟ್ಟಿಯಲ್ಲಿ ಇಲ್ಲದ ಕಾಲಂ ಬಂದ್ರೆ ಮೂಲ ಹೆಸರೇ ತೋರಿಸುತ್ತೆ, ಹಾಗಾಗಿ ಇಪ್ಪತ್ತು ಪಟ್ಟಿ ಬೇಕಾಗಲಿಲ್ಲ ಪೇಡೆಯವರೇ, ಎಲ್ಲಾ ರಿಪೋರ್ಟಿಗೂ ಒಂದೇ ಸಾಕಾಯ್ತು.

'ಬಾಕಿದಾರರು' ಈಗ ಖಾಲಿ ಇದ್ದಾಗಲೂ ತಲೆಬರಹದ ಸಾಲು ಬರುತ್ತೆ, ಕೆಳಗೆ 'ಈ ತಿಂಗಳು ಬಾಕಿ ಇಲ್ಲ' ಅಂತ ಇರುತ್ತೆ. ಕಾರ್ಯದರ್ಶಿಗಳು ಅದನ್ನ ನೋಡಿ ಪ್ರಿಂಟ್ ತೆಗೆಸಿ ಬೋರ್ಡಿಗೆ ಹಾಕಿಸಿದ್ರು.

ಧಾರವಾಡ ಪೇಡೆ · 10:22

ಒಂದ ಪಟ್ಟಿ ಸಾಕಾತಂದ್ರ ನಾನೂ ಹಂಗ ಮಾಡ್ತೀನಿ. ಆ ಫಂಕ್ಷನ್ ಇಲ್ಲಿ ಹಾಕ್ರಿ.

ಸಣ್ಣೀರಪ್ಪನ ಮೊಮ್ಮಗ · 10:24

ಆ 7ನೇ ಸದಸ್ಯರ ಫೋನ್ ನಂಬರು ಏನಾಯ್ತು ಅಣ್ಣಾ? ಉಳಿದ ಮೂವರದು?

ತೋಟದಮನೆ · 10:31

ಅವರ ನಂಬರು ಸದಸ್ಯತ್ವದ ಪುಸ್ತಕದಲ್ಲಿ ಶಾಯಿಯಲ್ಲಿ ಬರೆದದ್ದು ಹಾಗೇ ಇತ್ತು, ಹಾಕಿದೆ. ಮೂವರಲ್ಲಿ ಇಬ್ಬರ ಹೊಸ ನಂಬರು ಗುಮಾಸ್ತರ ಚೀಟಿಯಲ್ಲಿ ಸಿಕ್ತು. ಇನ್ನೊಬ್ಬರ ಮನೆಗೆ ನಾಳೆ ಬೆಳಗ್ಗೆ ಹೋಗಿ ಬರ್ತೀನಿ. ಬೇರೆ ಊರುಗಳಲ್ಲಿ ಯಾರದ್ದೂ ಬದಲಾಗಿಲ್ಲ, ಲಾಗ್ ನೋಡಿದೆ.